ಲಾಭ ನಷ್ಟದ ಲೆಕ್ಕದಿಂದ ಈಮಾನ್ ಹುಟ್ಟೀತೇ?



ಧರ್ಮದ ಕುರಿತು ಮಾತು ಬಂದಾಗ ಒಂದು ವಾದವನ್ನು ನೀವು ಖಂಡಿತ ಕೇಳಿರುತ್ತೀರಿ. ದೇವನನ್ನು ನಂಬಿ ಬದುಕಿದವನು, ಕೊನೆಗೆ ದೇವನೇ ಇಲ್ಲವೆಂದಾದರೂ ಕಳೆದುಕೊಳ್ಳುವುದೇನೂ ಇಲ್ಲ. ನಂಬದೆ ಬದುಕಿದವನಾದರೋ, ಕೊನೆಗೆ ದೇವನಿದ್ದಾನೆಂದಾದರೆ ಸರ್ವಸ್ವವನ್ನೂ ಕಳೆದುಕೊಳ್ಳುತ್ತಾನೆ. ಆದ್ದರಿಂದ ನಂಬುವುದೇ ಕ್ಷೇಮ. ಈ ವಾದ ಕೇಳಲು ಎಷ್ಟು ಸರಳ! ಅಂಗಡಿಯಲ್ಲಿ ಕುಳಿತ ವ್ಯಾಪಾರಿಗೂ ಅಡುಗೆ ಮನೆಯಲ್ಲಿರುವ ತಾಯಿಗೂ ಕ್ಷಣದಲ್ಲಿ ಅರ್ಥವಾಗುವಂಥದ್ದು. ಕ್ರೈಸ್ತ ಧರ್ಮಪ್ರಚಾರಕರು ಇದನ್ನು ಬಳಸುತ್ತಾರೆ. ನಮ್ಮಲ್ಲಿ ಕೆಲವರು ಮಕ್ಕಳ ಪ್ರಶ್ನೆಗೆ ಉತ್ತರಿಸಲು ತಿಳಿಯದಾದಾಗ ಇದನ್ನೇ ಹೇಳಿ ಸುಮ್ಮನಾಗುತ್ತಾರೆ.

ಆದರೆ ಒಂದು ಕ್ಷಣ ನಿಂತು ಯೋಚಿಸಿ. ಹೀಗೆ ಲಾಭ ನಷ್ಟಗಳ ಲೆಕ್ಕ ಹಾಕಿ ಒಪ್ಪಿಕೊಂಡದ್ದನ್ನು ವಿಶ್ವಾಸವೆಂದು ಕರೆಯಬಹುದೇ? ಈ ಲೆಕ್ಕ ನಮ್ಮನ್ನು ಸತ್ಯದ ಕಡೆಗೆ ಒಯ್ಯುತ್ತದೆಯೇ, ಇಲ್ಲವೇ ಕೇವಲ ಸುರಕ್ಷೆಯ ಕಡೆಗೆ ಒಯ್ಯುತ್ತದೆಯೇ? ಕ್ರೈಸ್ತ ಜಗತ್ತಿನಲ್ಲಿ ವಿಶ್ವಾಸದ ಪರವಾಗಿ ಮಂಡಿಸಲಾದ ವಾದಗಳಲ್ಲಿ ಇದು ಬಹಳ ಪ್ರಸಿದ್ಧವಾದುದು. ಅದನ್ನು ಇಲ್ಲಿ ಪರೀಕ್ಷಿಸೋಣ. ಆದರೆ ಒಂದು ಷರತ್ತು. ಅವರ ವಾದವನ್ನು ತೂಗುವ ತಕ್ಕಡಿಯಲ್ಲೇ ನಮ್ಮ ವಾದವನ್ನೂ ತೂಗಬೇಕು. ತಮಗೆ ಅಳೆದುಕೊಳ್ಳುವಾಗ ಪೂರ್ತಿ ಅಳೆದು, ಇತರರಿಗೆ ಕೊಡುವಾಗ ಕಡಿಮೆ ತೂಗುವವರಿಗೆ ಸೂರಃ ಅಲ್ ಮುತಫ್ಫಿಫೀನ್ ನೀಡುವ ಎಚ್ಚರಿಕೆ ಅಕ್ಕಿ ಬೇಳೆಯ ವ್ಯಾಪಾರಕ್ಕೆ ಮಾತ್ರ ಸೀಮಿತವೆಂದು ಭಾವಿಸಬೇಕಾಗಿಲ್ಲ. ವಿಚಾರದ ವ್ಯಾಪಾರಕ್ಕೂ ಅದು ಅನ್ವಯಿಸುತ್ತದೆ.

ಯಾರು ಈ ಪಾಸ್ಕಲ್?

ಈ ವಾದಕ್ಕೆ ಹೆಸರು ತಂದುಕೊಟ್ಟವರು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. 1623ರಲ್ಲಿ ಕ್ಲೆರ್ಮಾಂ ಎಂಬ ಊರಿನಲ್ಲಿ ಹುಟ್ಟಿದ ಅವರು 1662ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಬದುಕಿದ್ದು ಕೇವಲ 39 ವರ್ಷ, ಅದೂ ಬಹುಪಾಲು ಅನಾರೋಗ್ಯದಲ್ಲಿ. ತೆರಿಗೆ ಅಧಿಕಾರಿಯಾಗಿದ್ದ ತಂದೆಯ ಲೆಕ್ಕಪತ್ರದ ಶ್ರಮ ಕಡಿಮೆ ಮಾಡಲೆಂದು, ಇಪ್ಪತ್ತು ತುಂಬುವ ಮೊದಲೇ ಅವರು ಕೂಡಿ ಕಳೆಯುವ ಒಂದು ಯಂತ್ರವನ್ನು ಮಾಡಲು ತೊಡಗಿದ್ದರು. 1648ರಲ್ಲಿ ಅವರ ಸೂಚನೆಯಂತೆ ಅವರ ಭಾವ ಪಾದರಸದ ಕೊಳವೆಯನ್ನು ಬೆಟ್ಟದ ಮೇಲಕ್ಕೆ ಒಯ್ದು, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುವುದನ್ನು ತೋರಿಸಿದರು. ಇಂದು ಒತ್ತಡವನ್ನು ಅಳೆಯುವ ಮಾನಕ್ಕೆ ಪಾಸ್ಕಲರ ಹೆಸರೇ ಇದೆ.

1654ರಲ್ಲಿ ಅವರು ಫೆರ್ಮಾ ಎಂಬ ಇನ್ನೊಬ್ಬ ಗಣಿತಜ್ಞರೊಡನೆ ಪತ್ರ ವ್ಯವಹಾರ ನಡೆಸಿದರು. ಪ್ರಶ್ನೆ ಜೂಜಿಗೆ ಸಂಬಂಧಿಸಿದ್ದು. ಇಬ್ಬರು ಆಟಗಾರರು ಆಟವನ್ನು ನಡುವೆಯೇ ನಿಲ್ಲಿಸಿದರೆ ಪಣದ ಹಣವನ್ನು ನ್ಯಾಯವಾಗಿ ಹಂಚುವುದು ಹೇಗೆ? ಈ ಪತ್ರಗಳಿಂದಲೇ ಸಂಭವನೀಯತೆಯ ಗಣಿತ ಬೆಳೆಯಿತು.

ಅದೇ ವರ್ಷದ ನವೆಂಬರ್ 23ರ ರಾತ್ರಿ ಪಾಸ್ಕಲರ ಬದುಕಿನಲ್ಲಿ ಇನ್ನೊಂದು ಘಟನೆ ನಡೆಯಿತು. ಸುಮಾರು ಎರಡು ಗಂಟೆಗಳ ಕಾಲ ಅವರು ತೀವ್ರವಾದ ದೈವಿಕ ಅನುಭವವೊಂದರಲ್ಲಿ ಮುಳುಗಿದ್ದರು. ಅದನ್ನು ಒಂದು ಕಾಗದದಲ್ಲಿ ಬರೆದು ತಮ್ಮ ಅಂಗಿಯ ಒಳಪದರದಲ್ಲಿ ಹೊಲಿದುಕೊಂಡರು. ಅವರು ತೀರಿಕೊಂಡ ನಂತರವೇ ಅದು ಇತರರ ಕಣ್ಣಿಗೆ ಬಿತ್ತು. ದಾರ್ಶನಿಕರ ಮತ್ತು ಪಂಡಿತರ ದೇವನನ್ನಲ್ಲ, ಇಬ್ರಾಹೀಮ್, ಇಸ್‌ಹಾಕ್, ಯಅ್‌ಕೂಬ್‌ರ ದೇವನನ್ನು ತಾವು ಕಂಡುಕೊಂಡೆವು ಎಂಬುದು ಅದರ ಒಂದು ಭಾಗದ ಸಾರ. ಈ ಪ್ರವಾದಿಗಳ ಹೆಸರು ನಮಗೆ ಅಪರಿಚಿತವಲ್ಲ. ಹಾಗಾಗಿ ಪಾಸ್ಕಲರನ್ನು ಕುತಂತ್ರಿಯೆಂದೋ ಧರ್ಮದ ವ್ಯಾಪಾರಿಯೆಂದೋ ತಳ್ಳಿಹಾಕುವುದು ನ್ಯಾಯವಲ್ಲ. ಅವರು ಪ್ರಾಮಾಣಿಕ ಭಕ್ತರಾಗಿದ್ದರು.

ವಾದದ ಸ್ವರೂಪ

ಕ್ರೈಸ್ತ ಧರ್ಮವನ್ನು ಸಮರ್ಥಿಸುವ ಒಂದು ದೊಡ್ಡ ಗ್ರಂಥ ಬರೆಯಬೇಕೆಂದು ಪಾಸ್ಕಲ್ ಟಿಪ್ಪಣಿಗಳನ್ನು ಕೂಡಿಹಾಕುತ್ತಿದ್ದರು. ಗ್ರಂಥ ಮುಗಿಯಲಿಲ್ಲ. ಅವರ ಮರಣಾನಂತರ, 1670ರಲ್ಲಿ, ಆ ಟಿಪ್ಪಣಿಗಳು 'ಪಾನ್ಸೇ' ಅಂದರೆ 'ಚಿಂತನೆಗಳು' ಎಂಬ ಹೆಸರಿನಲ್ಲಿ ಅಚ್ಚಾದವು. ಪಣದ ವಾದ ಅದರಲ್ಲಿದೆ.

ಅವರ ಮಾತಿನ ಸಾರ ಹೀಗಿದೆ: ದೇವನಿದ್ದಾನೋ ಇಲ್ಲವೋ ಎಂಬುದನ್ನು ಬುದ್ಧಿ ತೀರ್ಮಾನಿಸಲಾರದು. ಚಿಮ್ಮಿದ ನಾಣ್ಯ ಇನ್ನೂ ಗಾಳಿಯಲ್ಲಿದೆ. ನೀವು ಒಂದು ಕಡೆಗೆ ಪಣ ಕಟ್ಟಲೇಬೇಕು. ಕಟ್ಟುವುದಿಲ್ಲ ಎನ್ನುವಂತಿಲ್ಲ, ಏಕೆಂದರೆ ಬದುಕಿನ ದೋಣಿಯನ್ನು ನೀವು ಈಗಾಗಲೇ ಏರಿದ್ದೀರಿ. ಇದ್ದಾನೆಂಬ ಕಡೆಗೆ ಕಟ್ಟಿ ಗೆದ್ದರೆ ಸಿಗುವುದು ಅನಂತ ಸುಖ. ಸೋತರೆ ಹೋಗುವುದು ಅಲ್ಪ. ಗೆಲ್ಲುವ ಸಾಧ್ಯತೆ ಸಾವಿರಕ್ಕೆ ಒಂದೇ ಇದ್ದರೂ ಗೆಲುವಿನ ಮೊತ್ತ ಅನಂತವಾದ್ದರಿಂದ ಲೆಕ್ಕ ಬದಲಾಗುವುದಿಲ್ಲ. ಅನಂತವನ್ನು ಸಾವಿರ ಪಾಲು ಮಾಡಿದರೂ ಒಂದು ಪಾಲು ಅನಂತವಾಗಿಯೇ ಉಳಿಯುತ್ತದೆ.

ಎದುರಿಗಿದ್ದವನು ಕೇಳುತ್ತಾನೆ: "ಎಲ್ಲ ಸರಿ. ಆದರೆ ನನಗೆ ನಂಬಲು ಆಗುತ್ತಿಲ್ಲವಲ್ಲ, ಏನು ಮಾಡಲಿ?" ಆಗ ಪಾಸ್ಕಲ್ ಕೊಡುವ ಸಲಹೆ, ನಂಬಿದವರಂತೆ ನಡೆದುಕೋ ಎಂಬುದು. ಚರ್ಚಿಗೆ ಹೋಗು, ತೀರ್ಥದ ನೀರು ಮುಟ್ಟು, ಪೂಜೆಯಲ್ಲಿ ಪಾಲುಗೊಳ್ಳು. ರೂಢಿಯಾದಂತೆ ನಂಬಿಕೆ ತಾನಾಗಿ ಬರುತ್ತದೆ. ಇದರಿಂದ ನೀನು ಪ್ರಾಮಾಣಿಕನೂ ವಿನಯಶೀಲನೂ ಆಗುವೆ, ನಿನಗೇನು ಹಾನಿ?

ತಕ್ಕಡಿಗೆ ಎರಡೇ ತಟ್ಟೆಯೇ?

ಮೊದಲ ತೊಡಕು ಇಲ್ಲೇ ಇದೆ. ಪಾಸ್ಕಲರ ಲೆಕ್ಕದಲ್ಲಿ ಇರುವುದು ಎರಡೇ ದಾರಿ. ಒಂದೋ ಕ್ರೈಸ್ತರ ಕಥೋಲಿಕ ಸಭೆ ಹೇಳುವ ದೇವನು ಇದ್ದಾನೆ, ಇಲ್ಲವೋ ದೇವನೇ ಇಲ್ಲ. ಆದರೆ ಜಗತ್ತಿನಲ್ಲಿ ದಾರಿಗಳು ಎರಡೇ ಅಲ್ಲವಲ್ಲ! ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಚಿಂತಕ ದಿದೆರೋ ಈ ವಾದಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟರು. ಪಾಸ್ಕಲ್ ಹೇಳಿದ್ದನ್ನೇ ಮುಸ್ಲಿಮರ ಇಮಾಮರೊಬ್ಬರೂ ಹೇಳಬಲ್ಲರು ಎಂಬುದು ಅದರ ತಾತ್ಪರ್ಯ. ದಿದೆರೋ ಧರ್ಮವಿರೋಧಿ. ನಮ್ಮ ಇಮಾಮರ ಮೇಲೆ ಪ್ರೀತಿಯಿಂದ ಅವರು ಹೀಗೆ ಹೇಳಲಿಲ್ಲ. ಆದರೂ ಅವರ ಮಾತಿನಲ್ಲಿ ಸತ್ಯಾಂಶವಿದೆ. ಒಂದೇ ವಾದ ಪರಸ್ಪರ ವಿರುದ್ಧವಾದ ಎರಡು ನಂಬಿಕೆಗಳನ್ನು ಸಮಾನವಾಗಿ ಸಮರ್ಥಿಸುವುದಾದರೆ, ಅದು ಎರಡರಲ್ಲಿ ಯಾವುದು ಸತ್ಯವೆಂದು ತೋರಿಸಿಕೊಟ್ಟಂತಾಗಲಿಲ್ಲ.

ಇದನ್ನು ನಮ್ಮ ಮತ್ತು ಕ್ರೈಸ್ತರ ನಡುವಿನ ವಿಷಯಕ್ಕೆ ಹಚ್ಚಿ ನೋಡಿ. ದೇವನಿದ್ದಾನೆಂಬ ಬಗ್ಗೆ ನಮಗೂ ಅವರಿಗೂ ಜಗಳವಿಲ್ಲ. ಭಿನ್ನಾಭಿಪ್ರಾಯ ಇರುವುದು ಹಝ್ರತ್ ಈಸಾ(ಅ)ರ ಸ್ಥಾನದ ಬಗ್ಗೆ. ಅವರು ದೇವಪುತ್ರರು, ತಂದೆಯೊಡನೆ ಒಂದೇ ತತ್ತ್ವದವರು ಎಂದು ಕ್ರಿಸ್ತಶಕ 325ರ ನೈಸಿಯಾ ಸಭೆ ನಿರ್ಣಯಿಸಿತು. ಶಿಲುಬೆಯ ಮರಣದಿಂದ ಅವರು ಮಾನವರ ಪಾಪಕ್ಕೆ ಪ್ರಾಯಶ್ಚಿತ್ತವಾದರು ಎಂಬುದು ಚರ್ಚಿನ ಬೋಧನೆ. ಇವುಗಳ ಪೈಕಿ ಒಂದನ್ನೂ ಪಾಸ್ಕಲರ ಲೆಕ್ಕ ಮುಟ್ಟುವುದಿಲ್ಲ. ಅದು ಅನಂತ ಸುಖವನ್ನು ತೋರಿಸುತ್ತದೆ, ಅದಕ್ಕೆ ಹೋಗುವ ಬಾಗಿಲು ಯಾವುದೆಂದು ಹೇಳಲಾರದು.

"ಏಸುವನ್ನು ರಕ್ಷಕನೆಂದು ಒಪ್ಪಿಕೊಳ್ಳಿ, ಸುಳ್ಳಾದರೆ ನಿಮಗೇನು ನಷ್ಟ?" ಎಂದು ಪ್ರಚಾರಕರೊಬ್ಬರು ಕೇಳಿದರೆ ನಾವೇನು ಹೇಳುತ್ತೇವೆ? ನಷ್ಟವಿಲ್ಲವೆಂದು ಹೇಳುವುದು ಹೇಗೆ? ಅಲ್ಲಾಹನಿಗೆ ಸಹಭಾಗಿಯನ್ನು ಕಲ್ಪಿಸುವುದಕ್ಕಿಂತ ದೊಡ್ಡ ನಷ್ಟ ನಮ್ಮ ಲೆಕ್ಕದಲ್ಲಿ ಬೇರೊಂದಿಲ್ಲ. ಸರಿ. ಈಗ ತಕ್ಕಡಿಯನ್ನು ತಿರುಗಿಸಿ. ನಮ್ಮವರೊಬ್ಬರು ಕ್ರೈಸ್ತ ನೆರೆಯವನಿಗೆ, "ನಾವು ಈಸಾ(ಅ)ರನ್ನೂ ಪ್ರವಾದಿಯೆಂದು ಗೌರವಿಸುತ್ತೇವೆ, ಇಸ್ಲಾಮಿಗೆ ಬಂದರೆ ನೀನು ಕಳೆದುಕೊಳ್ಳುವುದೇನೂ ಇಲ್ಲ" ಎನ್ನುವುದುಂಟು. ಆದರೆ ಆತನ ಲೆಕ್ಕದಲ್ಲಿ ರಕ್ಷಕನನ್ನು ಕಳೆದುಕೊಳ್ಳುವುದೆಂದರೆ ಎಲ್ಲವನ್ನೂ ಕಳೆದುಕೊಂಡಂತೆ. ಪ್ರಚಾರಕರ ಮಾತು ನಮಗೆ ಹೇಗೆ ಪೊಳ್ಳಾಗಿ ಕಂಡಿತೋ ನಮ್ಮ ಮಾತು ಆತನಿಗೆ ಹಾಗೆಯೇ ಕಾಣುತ್ತದೆ. ಇನ್ನು ಲೋಕದ ನಷ್ಟ ಬೇರೆ. ಧರ್ಮ ಬದಲಿಸಿದವನಿಗೆ ಹೆತ್ತವರ ಮನೆಯ ಬಾಗಿಲು ಮುಚ್ಚಬಹುದು, ಮದುವೆ ಮುರಿಯಬಹುದು. ಇವನ್ನೆಲ್ಲ 'ಏನೂ ಇಲ್ಲ' ಎಂಬ ಕಂಬಳಿಯಡಿ ಮುಚ್ಚುವುದು ಯಾರು ಮಾಡಿದರೂ ಅಳತೆಯಲ್ಲಿ ಮೋಸವೇ.

ನಂಬಿಕೆ ಆಜ್ಞೆಗೆ ಬಗ್ಗುವುದೇ?

ಎರಡನೆಯ ತೊಡಕು ಇನ್ನೂ ಆಳವಾದದ್ದು. ಕೈ ಎತ್ತೆಂದರೆ ಎತ್ತಬಹುದು. ಆದರೆ ನಂಬೆಂದರೆ ನಂಬಲಾಗುತ್ತದೆಯೇ? ಹಗಲನ್ನು ಇರುಳೆಂದು ನಂಬಿದರೆ ಲಕ್ಷ ರೂಪಾಯಿ ಕೊಡುತ್ತೇನೆಂದು ಯಾರಾದರೂ ಹೇಳಿದರೆ, ನಾವು ಬಾಯಿಯಲ್ಲಿ 'ಇರುಳು' ಎನ್ನಬಹುದು. ಕಣ್ಣು ಒಪ್ಪಬೇಕಲ್ಲ! ಬಹುಮಾನ ದೊಡ್ಡದೆಂಬ ಕಾರಣಕ್ಕೆ ಒಂದು ಸಂಗತಿ ಸತ್ಯವಾಗಿಬಿಡುವುದಿಲ್ಲ. ನನಗೆ ಅದರಿಂದ ಪ್ರಯೋಜನವಿದೆ ಎಂಬುದು ಅದು ಇದೆ ಎಂಬುದಕ್ಕೆ ಪುರಾವೆಯಾಗದು ಎಂದು ವಾಲ್ಟೇರ್ 1734ರಷ್ಟು ಹಿಂದೆಯೇ ಪಾಸ್ಕಲರನ್ನು ಟೀಕಿಸಿದ್ದರು.

ಮರುಭೂಮಿಯ ಕೆಲವು ಅರಬರು ಪ್ರವಾದಿವರ್ಯರ(ಸ) ಬಳಿ ಬಂದು ತಾವು ವಿಶ್ವಾಸವಿರಿಸಿದೆವೆಂದು ಹೇಳಿಕೊಂಡ ಪ್ರಸಂಗ ಸೂರಃ ಅಲ್ ಹುಜುರಾತ್‌ನಲ್ಲಿದೆ. ಅವರು ಶರಣಾದರೆಂದು ಹೇಳಿಕೊಳ್ಳಬಹುದು, ಆದರೆ ಈಮಾನ್ ಇನ್ನೂ ಅವರ ಹೃದಯವನ್ನು ಪ್ರವೇಶಿಸಿಲ್ಲ ಎಂದು ಅಲ್ಲಿ ಸ್ಪಷ್ಟಪಡಿಸಲಾಯಿತು. ತಲೆಬಾಗುವುದು ಒಂದು, ಹೃದಯ ಒಪ್ಪುವುದು ಇನ್ನೊಂದು. ಪಣದ ವಾದ ಮೊದಲನೆಯದನ್ನು ಮಾಡಿಸಬಲ್ಲದು. ಎರಡನೆಯದು ಅದರ ಕೈಗೆ ಎಟುಕುವುದಿಲ್ಲ.

"ರೂಢಿಯಿಂದ ನಂಬಿಕೆ ಬರುತ್ತದೆ" ಎಂಬ ಪಾಸ್ಕಲರ ಮಾತಿನಲ್ಲಿ ಅನುಭವವಿದೆ ಎಂಬುದನ್ನು ಒಪ್ಪೋಣ. ನಾವು ಕೂಡ ಮಕ್ಕಳಿಗೆ ಏಳನೆಯ ವಯಸ್ಸಿನಲ್ಲೇ ನಮಾಝ್ ಕಲಿಸುತ್ತೇವೆ. ಆಚರಣೆ ಹೃದಯವನ್ನು ಹದಗೊಳಿಸುತ್ತದೆ. ಆದರೆ ರೂಢಿ ಯಾವ ನಂಬಿಕೆಯನ್ನು ಬೇಕಾದರೂ ಬೆಳೆಸಬಲ್ಲದು. ಇಮಾಮ್ ಗಝ್ಝಾಲಿ(ರ) ತಮ್ಮ ಆತ್ಮಕಥನವಾದ 'ಅಲ್ ಮುನ್ಕಿಝ್ ಮಿನಲ್ ಝಲಾಲ್' ಎಂಬ ಕೃತಿಯಲ್ಲಿ ಈ ವಿಚಾರವನ್ನು ಎಷ್ಟು ನಿರ್ಭಯವಾಗಿ ಎತ್ತಿದ್ದಾರೆ ನೋಡಿ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೇ, ಯಹೂದಿಗಳ ಮಕ್ಕಳು ಯಹೂದಿಗಳಾಗಿಯೇ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೇ ಬೆಳೆಯುವುದನ್ನು ಅವರು ಎಳೆಯ ವಯಸ್ಸಿನಲ್ಲೇ ಗಮನಿಸಿದರು. ಹಾಗಾದರೆ ತಂದೆತಾಯಿಯಿಂದ ಬಂದುದರ ಆಚೆ, ಸ್ವತಃ ಅರಿತು ಹೇಳಬಹುದಾದ ಸತ್ಯ ಯಾವುದು ಎಂಬ ಪ್ರಶ್ನೆ ಅವರನ್ನು ಕಾಡಿತು. ಅಂಧಾನುಕರಣೆ ಗಾಜಿನಂತೆ, ಒಮ್ಮೆ ಒಡೆದರೆ ಹೊಲಿದು ಕೂಡಿಸಲಾಗದು, ಕರಗಿಸಿ ಹೊಸದಾಗಿಯೇ ಮಾಡಬೇಕು ಎಂಬ ಅರ್ಥದ ಹೋಲಿಕೆಯನ್ನೂ ಅವರು ಕೊಟ್ಟಿದ್ದಾರೆ. ರೂಢಿ ನಂಬಿಕೆಗೆ ನೀರೆರೆಯುತ್ತದೆ. ಆದರೆ ನೆಟ್ಟಿರುವುದು ಯಾವ ಗಿಡವೆಂದು ನೀರು ಹೇಳಲಾರದು.

ಸಂಶಯವನ್ನು ಬಲವಂತವಾಗಿ ಅದುಮಿ ಗಳಿಸಿದ ನಂಬಿಕೆಯ ನೈತಿಕತೆಯ ಬಗ್ಗೆ ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಅದರಲ್ಲಿ ಒಬ್ಬ ಹಡಗಿನ ಮಾಲಕ ಬರುತ್ತಾನೆ. ಹಡಗು ಹಳತಾಗಿದೆ, ದುರಸ್ತಿ ಬೇಕೆಂಬ ಅನುಮಾನ ಅವನಿಗಿದೆ. ಆದರೆ ಖರ್ಚಿಗೆ ಹೆದರಿ, ಇಷ್ಟು ಸಲ ಸುರಕ್ಷಿತವಾಗಿ ಹೋಗಿ ಬಂದಿದೆಯಲ್ಲ ಎಂದು ತನ್ನನ್ನು ತಾನೇ ನಂಬಿಸಿಕೊಂಡು ಪ್ರಯಾಣಿಕರನ್ನು ಕಳುಹಿಸುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವೇ ಆಗಿದ್ದರೂ ಅವನು ಅಪರಾಧಿ ಎನ್ನುತ್ತಾರೆ ಕ್ಲಿಫರ್ಡ್. ಹಡಗು ಮುಳುಗದೆ ದಡ ಸೇರಿದ್ದರೂ ಅವನು ಅಪರಾಧಿಯೇ, ಏಕೆಂದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ. ಪುರಾವೆ ಸಾಲದಿದ್ದರೆ ಏನನ್ನೂ ನಂಬಲೇಬಾರದೆಂಬ ಅವರ ಕಟ್ಟುನಿಟ್ಟನ್ನು ನಾವು ಪೂರ್ತಿ ಒಪ್ಪಬೇಕಾಗಿಲ್ಲ. ಆದರೆ ಪ್ರಯೋಜನಕ್ಕಾಗಿ ಸಂಶಯದ ಬಾಯಿ ಮುಚ್ಚಿಸುವುದು ನಿರ್ದೋಷ ಕೆಲಸವಲ್ಲ ಎಂಬ ಅವರ ಪಾಠ ಎಲ್ಲ ಧರ್ಮದವರಿಗೂ ಬೇಕಾದದ್ದು.

ಲೆಕ್ಕದ ಭಕ್ತನನ್ನು ದೇವನು ಹೇಗೆ ಕಂಡಾನು?

ಮೂರನೆಯ ತೊಡಕು. ಅಮೆರಿಕದ ವಿಲಿಯಂ ಜೇಮ್ಸ್ ವಿಶ್ವಾಸದ ಪರವಾಗಿಯೇ ವಾದಿಸಿದ ಚಿಂತಕ. ಅಂಥವರು ಕೂಡ 1896ರಲ್ಲಿ ಪಾಸ್ಕಲರ ಪಣದ ಬಗ್ಗೆ ಮಾತನಾಡುತ್ತ, ದೇವನ ಸ್ಥಾನದಲ್ಲಿ ನಾವಿದ್ದಿದ್ದರೆ ಈ ಬಗೆಯ ಲೆಕ್ಕದ ಭಕ್ತರನ್ನೇ ಮೊದಲು ಅನಂತ ಬಹುಮಾನದಿಂದ ಹೊರಗಿಡುತ್ತಿದ್ದೆವೇನೋ ಎಂಬರ್ಥದಲ್ಲಿ ಬರೆದರು. ನಿಮ್ಮ ಮಗ ನಿಮ್ಮನ್ನು ಪ್ರೀತಿಸುವುದು ಆಸ್ತಿ ಕೈತಪ್ಪದಿರಲೆಂಬ ಒಂದೇ ಕಾರಣಕ್ಕೆ ಎಂದು ತಿಳಿದರೆ ನಿಮಗೆ ಹೇಗನಿಸುತ್ತದೆ? ಹೃದಯದ ಒಳಗನ್ನು ಬಲ್ಲ ಸೃಷ್ಟಿಕರ್ತನ ಮುಂದೆ ಈ ಜಾಣತನ ನಡೆದೀತೇ?

ಸೂರಃ ಅಲ್ ಹಜ್ಜ್‌ನಲ್ಲಿ ಅಂಚಿನಲ್ಲಿ ನಿಂತು ಅಲ್ಲಾಹನನ್ನು ಆರಾಧಿಸುವವನ ಚಿತ್ರವಿದೆ. ಒಳಿತಾದರೆ ನೆಮ್ಮದಿ, ಪರೀಕ್ಷೆ ಬಂದರೆ ತಿರುಗಿ ನಡೆಯುವುದು. ಪಣ ಕಟ್ಟಿದವನ ನಿಲುವು ಇದಲ್ಲದೆ ಬೇರೇನು? ಲೆಕ್ಕ ಬದಲಾದ ದಿನ ಅವನೂ ಬದಲಾಗುತ್ತಾನೆ. ಬಸ್ರಾದ ರಾಬಿಅ ಅದವಿಯ್ಯ ನರಕದ ಭಯವನ್ನೂ ಸ್ವರ್ಗದ ಆಸೆಯನ್ನೂ ಬದಿಗಿಟ್ಟು ಅಲ್ಲಾಹನನ್ನು ಅವನಿಗಾಗಿಯೇ ಆರಾಧಿಸಬಯಸಿದ ಮಹಿಳೆಯೆಂದು ಸೂಫಿ ಪರಂಪರೆ ನೆನೆಯುತ್ತದೆ.

ಆದರೆ ಇಲ್ಲಿಯೂ ತಕ್ಕಡಿ ಸರಿಯಾಗಿರಲಿ. ಪವಿತ್ರ ಕುರ್‌ಆನ್ ಸ್ವತಃ ಸೂರಃ ಅಸ್ಸಫ್ಫ್‌ನಲ್ಲಿ ವಿಶ್ವಾಸವನ್ನು ಯಾತನೆಯಿಂದ ಪಾರುಮಾಡುವ ವ್ಯಾಪಾರಕ್ಕೆ ಹೋಲಿಸಿದೆ. ಸ್ವರ್ಗದ ಶುಭವಾರ್ತೆ, ನರಕದ ಎಚ್ಚರಿಕೆ ಅದರ ಪುಟಪುಟಗಳಲ್ಲಿವೆ. ಹೀಗಿರುವಾಗ ಪಾಸ್ಕಲ್ ಲಾಭದ ಮಾತಾಡಿದರೆಂದು ಮೂಗು ಮುರಿಯುವ ಅಧಿಕಾರ ನಮಗಿಲ್ಲ. ವ್ಯತ್ಯಾಸ ಇರುವುದು ಕ್ರಮದಲ್ಲಿ. ಸತ್ಯವೆಂದು ಕಂಡುಕೊಂಡವನಿಗೆ ಪ್ರತಿಫಲದ ಭರವಸೆ ಸ್ಥೈರ್ಯ ನೀಡುತ್ತದೆ. ಸತ್ಯವನ್ನು ಕಾಣದವನಿಗೆ ಪ್ರತಿಫಲವೇ ಸತ್ಯದ ಸ್ಥಾನದಲ್ಲಿ ಕುಳಿತುಕೊಂಡರೆ ಅದು ಬೇರೆಯೇ ಸಂಗತಿ.

ನಮ್ಮ ಮನೆಯಲ್ಲೂ ಇದೇ ವಾದ

ಪಾಸ್ಕಲರಿಗಿಂತ ಐದು ಶತಮಾನಗಳಿಗೂ ಮುಂಚೆ ಬದುಕಿದ್ದ ಇಮಾಮ್ ಗಝ್ಝಾಲಿ(ರ) (1058-1111) ಇದೇ ಬಗೆಯ ವಾದವನ್ನು 'ಇಹ್ಯಾ ಉಲೂಮಿದ್ದೀನ್'ನಲ್ಲಿ ಬಳಸಿದ್ದಾರೆಂಬುದು ಅನೇಕರಿಗೆ ತಿಳಿಯದು. ಪರಲೋಕವನ್ನು ನಿರಾಕರಿಸಿದ ಒಬ್ಬನಿಗೆ ಹಝ್ರತ್ ಅಲೀ(ರ) ಕೊಟ್ಟ ಉತ್ತರವೆಂದು ಅವರು ಅದನ್ನು ಉಲ್ಲೇಖಿಸುತ್ತಾರೆ. ನೀನು ಹೇಳುವುದೇ ನಿಜವಾದರೆ ನಾವಿಬ್ಬರೂ ಪಾರಾದೆವು, ನಾನು ಹೇಳುವುದು ನಿಜವಾದರೆ ನಾನು ಪಾರಾದೆ, ನೀನು ನಾಶವಾದೆ ಎಂಬುದು ಅದರ ಭಾವ. ಸ್ಪೇನಿನ ವಿದ್ವಾಂಸ ಮಿಗೆಲ್ ಅಸೀನ್ ಪಲಾಸಿಯೋಸ್ ಸ್ವತಃ ಕಥೋಲಿಕ ಪಾದ್ರಿಯಾಗಿದ್ದರೂ, ಪಾಸ್ಕಲರ ಪಣಕ್ಕೆ ಮುಸ್ಲಿಮ್ ಪೂರ್ವರೂಪಗಳಿವೆ ಎಂದು 1920ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು.

ಹಾಗಾದರೆ ಕ್ರೈಸ್ತರ ವಾದದಲ್ಲಿ ನಾವು ಕಂಡ ತೊಡಕುಗಳು ಈಗ ನಮ್ಮ ಅಂಗಳಕ್ಕೇ ಬಂದು ನಿಂತವು. ನುಣುಚಿಕೊಳ್ಳುವಂತಿಲ್ಲ. ಪುರಾವೆಯೆಂದು ಬಳಸಿದರೆ ಈ ವಾದ ಚರ್ಚಿನಲ್ಲಿ ಎಷ್ಟು ದುರ್ಬಲವೋ ಮಸೀದಿಯಲ್ಲಿಯೂ ಅಷ್ಟೇ ದುರ್ಬಲ.

ಆದರೆ ಗಝ್ಝಾಲಿ(ರ) ಅದನ್ನು ಪುರಾವೆಯೆಂದು ಬಳಸಲಿಲ್ಲ. ಅಲೀ(ರ) ಸಂಶಯದಿಂದ ಹಾಗೆ ಹೇಳಿದ್ದಲ್ಲ, ಎದುರಿಗಿದ್ದವನ ಗ್ರಹಿಕೆಯ ಮಟ್ಟಕ್ಕೆ ತಕ್ಕಂತೆ ಮಾತನಾಡಿದರು ಎಂದು ಅವರೇ ವಿವರಿಸುತ್ತಾರೆ. ಇನ್ನೊಂದೆಡೆ ಅವರು ಕೊಡುವ ಉದಾಹರಣೆ ಮನಮುಟ್ಟುವಂಥದ್ದು. ನಿಮ್ಮ ಬಟ್ಟೆಯಲ್ಲಿ ಚೇಳಿದೆಯೆಂದು ಒಂದು ಮಗು ಹೇಳಿದರೂ ನೀವು ಪುರಾವೆ ಕೇಳದೆ ಬಟ್ಟೆ ಕಿತ್ತೆಸೆಯುತ್ತೀರಿ. ಇಷ್ಟೊಂದು ಪ್ರವಾದಿಗಳು ಎಚ್ಚರಿಸಿದರೂ ಉದಾಸೀನರಾಗಿರುವುದು ಹೇಗೆ ಸಾಧ್ಯ?

ಈ ಉದಾಹರಣೆಯನ್ನು ಸ್ವಲ್ಪ ಮುಂದುವರಿಸಿ ನೋಡೋಣ. ಬಟ್ಟೆ ಕಿತ್ತೆಸೆದ ಮೇಲೆ ನಾವೇನು ಮಾಡುತ್ತೇವೆ? ಕೊಡವಿ ನೋಡುತ್ತೇವೆ. ಚೇಳು ಇದೆಯೋ ಇಲ್ಲವೋ ಎಂಬುದು ನಮ್ಮ ಭಯದಿಂದ ತೀರ್ಮಾನವಾಗುವುದಿಲ್ಲ, ನೋಡಿದಾಗಲೇ ತಿಳಿಯುವುದು. ಭಯ ಮಾಡಿದ ಉಪಕಾರವೆಂದರೆ, ಕುಳಿತಲ್ಲಿಂದ ನಮ್ಮನ್ನು ಎಬ್ಬಿಸಿದ್ದು. ಅಷ್ಟೇ, ಆದರೆ ಅದೇನೂ ಸಣ್ಣ ಉಪಕಾರವಲ್ಲ.

ಸೂರಃ ಅಲ್ ಮುಅ್‌ಮಿನ್‌ನಲ್ಲಿ ಫಿರ್‌ಔನನ ಮನೆತನದ, ತನ್ನ ವಿಶ್ವಾಸವನ್ನು ಗುಟ್ಟಾಗಿರಿಸಿಕೊಂಡಿದ್ದ ವ್ಯಕ್ತಿಯೊಬ್ಬರು ಬರುತ್ತಾರೆ. ಮೂಸಾ(ಅ)ರನ್ನು ಕೊಲ್ಲಲು ಹೊರಟ ಆಸ್ಥಾನಿಕರ ಮುಂದೆ ಅವರು ಹೂಡಿದ ವಾದವನ್ನು ಗಮನಿಸಿ. ಮೂಸಾ ಸುಳ್ಳುಗಾರರಾದರೆ ಆ ಸುಳ್ಳಿನ ಫಲ ಅವರಿಗೇ, ಸತ್ಯವಂತರಾಗಿದ್ದರೆ ಅವರು ಎಚ್ಚರಿಸಿದ್ದರಲ್ಲಿ ಕೆಲವಾದರೂ ನಿಮ್ಮ ಮೇಲೆ ಬಂದೆರಗುವುದು ಎಂಬುದು ಆ ಮಾತಿನ ಸಾರ. ಇದೂ ಲಾಭ ನಷ್ಟದ ಲೆಕ್ಕವೇ. ಆದರೆ ಆ ಲೆಕ್ಕದಿಂದ ಅವರು ಕೇಳಿದ್ದೇನು? ಕತ್ತಿ ಕೆಳಗಿಳಿಸಿ, ಕೊಲ್ಲಬೇಡಿ ಎಂದು. ಲೆಕ್ಕದ ವಾದಕ್ಕೆ ಇರುವ ನ್ಯಾಯವಾದ ಜಾಗ ಇದು. ಅದು ಕೈಯನ್ನು ತಡೆಯಬಲ್ಲದು, ಕಿವಿಯನ್ನು ತೆರೆಸಬಲ್ಲದು. ಹೃದಯಕ್ಕೆ ಬೇಕಾದದ್ದು ಬೇರೆ.

ಪಾಸ್ಕಲರಿಗೂ ಇದೇ ನ್ಯಾಯ ಸಲ್ಲಬೇಕು. ಅವರು ಆ ಪುಟಗಳಲ್ಲಿ ಮಾತಾಡಿಸಿದ್ದು ದೇವನ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳದೆ, ಮೋಜಿನಲ್ಲಿ ಕಾಲ ಕಳೆಯುವ ಜನರನ್ನು. ಜೂಜಿನ ಭಾಷೆ ಬಲ್ಲವರನ್ನು ಜೂಜಿನ ಭಾಷೆಯಲ್ಲೇ ಎಬ್ಬಿಸಲು ನೋಡಿದರು. ಆ ಗ್ರಂಥ ಪಣದೊಂದಿಗೆ ಮುಗಿಯುವುದೂ ಇಲ್ಲ. ಮನುಷ್ಯನ ಹಿರಿಮೆ ಮತ್ತು ದೈನ್ಯ, ಪ್ರವಾದನೆಗಳು, ಪವಾಡಗಳು ಮುಂತಾದ ಬೇರೆ ವಾದಗಳನ್ನು ಅವರು ಮುಂದಿಟ್ಟಿದ್ದಾರೆ. ಅವುಗಳನ್ನು ಒಪ್ಪುವುದು ಬಿಡುವುದು ಬೇರೆ ಪರೀಕ್ಷೆಯ ವಿಷಯ.

ಒಂದು ಸಾಮ್ಯವನ್ನು ಮರೆಯಬಾರದು. ಪಣದ ಮಾತನ್ನು ಇತರರಿಗೆ ಹೇಳಿದ ಈ ಇಬ್ಬರನ್ನೂ ಅಲುಗಾಡಿಸಿದ್ದು ಪಣವಲ್ಲ. ಪಾಸ್ಕಲರ ಅಂಗಿಯಲ್ಲಿ ಹೊಲಿದಿಟ್ಟ ಕಾಗದದಲ್ಲಿ ಲೆಕ್ಕಾಚಾರವಿರಲಿಲ್ಲ. ಗಝ್ಝಾಲಿ(ರ) 1095ರಲ್ಲಿ ಬಗ್ದಾದಿನ ನಿಝಾಮಿಯ್ಯ ವಿದ್ಯಾಪೀಠದ ಉನ್ನತ ಹುದ್ದೆ ಬಿಟ್ಟು ಹೊರಟದ್ದು, ತಮ್ಮ ಬೋಧನೆ ಶುದ್ಧವಾಗಿ ಅಲ್ಲಾಹನಿಗಾಗಿ ಅಲ್ಲ, ಕೀರ್ತಿ ಸ್ಥಾನಮಾನಗಳಿಗಾಗಿ ಎಂದು ಕಂಡುಕೊಂಡದ್ದರಿಂದ. ಆ ಸಂಕಟದಲ್ಲಿ ಅವರಿಗೆ ಪಾಠ ಹೇಳಲು ನಾಲಗೆಯೇ ಏಳದಂತಾಗಿತ್ತು. ಲಾಭಕ್ಕಾಗಿ ಧರ್ಮವೇ ಎಂಬ ಪ್ರಶ್ನೆಯನ್ನು ಅವರು ತಮ್ಮ ಮೇಲೆಯೇ ಹಾಕಿಕೊಂಡರು. ಅದಕ್ಕೆ ತೆತ್ತ ಬೆಲೆ ಕಡಿಮೆಯದಲ್ಲ.

ಮಕ್ಕಳ ಮುಂದೆ, ನೆರೆಯವರ ಮುಂದೆ

ಇದೆಲ್ಲ ಪಂಡಿತರ ಚರ್ಚೆ, ನಮಗೇನು ಎನ್ನಬೇಡಿ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಕ್ರೈಸ್ತ ಸಂಸ್ಥೆಗಳ ಶಾಲಾ ಕಾಲೇಜುಗಳಲ್ಲಿ ಓದುತ್ತಾರೆ. ಕರಾವಳಿಯ ಊರುಗಳಲ್ಲಂತೂ ಚರ್ಚಿನ ಗಂಟೆಯೂ ಅಝಾನಿನ ಕರೆಯೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಒಂದು ದಿನ ಮಗ ಅಥವಾ ಮಗಳು ಮನೆಗೆ ಬಂದು, "ನಮ್ಮದೇ ಸತ್ಯವೆಂದು ಹೇಗೆ ಗೊತ್ತು? ಅವರೂ ಹಾಗೆಯೇ ಹೇಳುತ್ತಾರಲ್ಲ?" ಎಂದು ಕೇಳುತ್ತಾರೆ. ಆಗ ಬಾಯಿ ಮುಚ್ಚೆಂದು ಗದರಿಸುವುದು ಒಂದು ದಾರಿ. "ನಂಬಿದರೆ ನಷ್ಟವೇನು, ನಂಬದಿದ್ದರೆ ನರಕ" ಎಂದು ಲೆಕ್ಕ ಒಪ್ಪಿಸುವುದು ಇನ್ನೊಂದು. ಎರಡೂ ಮಗುವಿನ ಪ್ರಶ್ನೆಗೆ ಉತ್ತರವಲ್ಲ. ಮಗು ಕೇಳಿದ್ದು ಸತ್ಯದ ಬಗ್ಗೆ. ನಾವು ಹೇಳಿದ್ದು ಸುರಕ್ಷೆಯ ಬಗ್ಗೆ. ಇಂದು ಸುಮ್ಮನಾದ ಮಗು ನಾಳೆ ಬೇರೆಯವರ ಬಾಯಿಂದ ಅದೇ ಲೆಕ್ಕ ಕೇಳಿದಾಗ ಯಾವ ಆಧಾರದಲ್ಲಿ ನಿಲ್ಲಬೇಕು?

ಸತ್ತವರನ್ನು ಜೀವಂತಗೊಳಿಸುವ ಬಗೆಯನ್ನು ತೋರಿಸಿಕೊಡೆಂದು ಇಬ್ರಾಹೀಮ್(ಅ) ಅಲ್ಲಾಹನನ್ನು ಕೇಳಿದರು. ವಿಶ್ವಾಸವಿದೆ, ಆದರೆ ಹೃದಯಕ್ಕೆ ಸಮಾಧಾನ ಬೇಕು ಎಂದರು. ಅವರನ್ನು ಗದರಿಸಲಾಗಲಿಲ್ಲ. ಹಕ್ಕಿಗಳ ನಿದರ್ಶನ ಕೊಡಲಾಯಿತು. ಪ್ರವಾದಿಯೊಬ್ಬರಿಗೆ ಕೇಳಲು ಅವಕಾಶವಿತ್ತೆಂದಾದರೆ ನಮ್ಮ ಮಕ್ಕಳಿಗೆ ಅದನ್ನು ನಿರಾಕರಿಸಲು ನಾವು ಯಾರು? ಉತ್ತರ ಗೊತ್ತಿಲ್ಲದಿದ್ದರೆ, "ನನಗೂ ತಿಳಿಯದು, ಬಾ, ಇಬ್ಬರೂ ಓದೋಣ, ಬಲ್ಲವರನ್ನು ಕೇಳೋಣ" ಎನ್ನಬಹುದಲ್ಲ! ಹಾಗೆ ಹೇಳಿದ ತಂದೆಯ, ತಾಯಿಯ ಗೌರವ ಕಡಿಮೆಯಾಗುವುದಿಲ್ಲ.

ಇನ್ನು ನೆರೆಯ ಕ್ರೈಸ್ತ ಬಂಧುಗಳೊಡನೆ ಮಾತಾಡುವಾಗ. ಅವರ ನಂಬಿಕೆಯನ್ನು ನಾವು ವಿವರಿಸಿದರೆ ಅವರು ತಲೆದೂಗಿ, "ಹೌದು, ನಾವು ನಂಬುವುದು ಇದನ್ನೇ" ಎನ್ನುವಂತಿರಬೇಕು. ಆಮೇಲೆ ಪ್ರಶ್ನೆ. ಅವರಿಗೆ ಕೇಳುವ ಪ್ರಶ್ನೆಯನ್ನು ಮೊದಲು ನಮಗೆ ನಾವೇ ಕೇಳಿಕೊಂಡಿರಬೇಕು. ಗ್ರಂಥದವರೊಡನೆ ಉತ್ತಮ ರೀತಿಯಲ್ಲಲ್ಲದೆ ವಾದಿಸಬಾರದೆಂಬ ಆದೇಶ ನಮಗಿದೆ. ಒಂದು ಜನಾಂಗದ ಮೇಲಿನ ದ್ವೇಷ ನಮ್ಮನ್ನು ಅನ್ಯಾಯಕ್ಕೆ ಎಳೆಯಬಾರದೆಂಬ ಎಚ್ಚರಿಕೆಯೂ ಇದೆ. ಧರ್ಮವನ್ನು ತಪ್ಪಾದ ದಾರಿಯಲ್ಲಿ ಸಮರ್ಥಿಸುವವನಿಂದ ಅದಕ್ಕಾಗುವ ಹಾನಿ, ಅದನ್ನು ಸರಿಯಾದ ದಾರಿಯಲ್ಲಿ ಟೀಕಿಸುವವನಿಂದಾಗುವ ಹಾನಿಗಿಂತ ಹೆಚ್ಚು ಎಂದು ಗಝ್ಝಾಲಿ(ರ) ಎಚ್ಚರಿಸಿದ್ದು ಇಂಥ ಸಂದರ್ಭಕ್ಕೇ ಹೇಳಿಸಿದಂತಿದೆ.

ಅವರು ಕೊಟ್ಟ ಇನ್ನೊಂದು ಉಪಮೆಯೂ ಇದೆ. ನುರಿತ ಚಿನಿವಾರ ಖೋಟಾ ನಾಣ್ಯದವನ ಚೀಲಕ್ಕೂ ಅಂಜದೆ ಕೈ ಹಾಕಿ ಅಸಲಿ ಚಿನ್ನವನ್ನು ಹೆಕ್ಕಿ ತೆಗೆಯಬಲ್ಲ, ಏಕೆಂದರೆ ಅವನಿಗೆ ತನ್ನ ಒರೆಗಲ್ಲಿನ ಮೇಲೆ ಭರವಸೆಯಿದೆ. ನಮ್ಮ ಬಳಿ ಅಂಥ ಒರೆಗಲ್ಲು ಇದೆಯೆಂದು ನಾವು ಹೇಳಿಕೊಳ್ಳುತ್ತೇವೆ. ಹಾಗಿದ್ದಲ್ಲಿ ಅದಕ್ಕೆ ಮೊದಲು ಉಜ್ಜಬೇಕಾದದ್ದು ಪಕ್ಕದವರ ನಾಣ್ಯವನ್ನಲ್ಲ, ನಮ್ಮ ಕಿಸೆಯಲ್ಲಿರುವುದನ್ನು. ಓದುಗರೇ, ನೀವು ನಂಬಿರುವುದನ್ನು ನೀವು ಏಕೆ ನಂಬಿದ್ದೀರಿ? ಭಯದಿಂದಲೇ, ರೂಢಿಯಿಂದಲೇ, ಸತ್ಯವೆಂದು ಕಂಡದ್ದರಿಂದಲೇ? ಇಂದು ರಾತ್ರಿ ಮನೆಮಂದಿ ಊಟಕ್ಕೆ ಕುಳಿತಾಗ ಈ ಪ್ರಶ್ನೆಯನ್ನು ಒಮ್ಮೆ ಎತ್ತಿ ನೋಡಿ. ಮಕ್ಕಳಿಗೆ ಮೊದಲು ಮಾತಾಡಲು ಬಿಡಿ.